ಬಿಂಬುಳಿ: ಹಿತ್ತಲಲ್ಲಿರಲಿ, ಲೋಟದಲ್ಲಿ ಬೇಡ

ಮಂಗಳೂರು, ಉಡುಪಿ, ಕುಂದಾಪುರದ ಕಡೆಯ ಹಿತ್ತಲಲ್ಲಿ ಬಿಂಬುಳಿ ಮರವೊಂದು ಇದ್ದರೆ ಅದು ಬಿಟ್ಟ ಕಾಯಿಯಲ್ಲಿ ಬಹುಪಾಲು ಬುಡದಲ್ಲೇ ಉದುರಿ ಕೊಳೆಯುತ್ತದೆ. ಇದಕ್ಕೆ ಮನೆಯವರನ್ನು ದೂರಿ ಪ್ರಯೋಜನವಿಲ್ಲ. ಐದರಿಂದ ಹತ್ತು ಮೀಟರ್ ಎತ್ತರಕ್ಕೆ ನಿಂತುಬಿಡುವ ಈ ಪುಟ್ಟ ಮರ ಹೂ ಬಿಡುವುದು ಕಾಂಡದ ಮೈಮೇಲೆ, ಬಲಿತ ರೆಂಬೆಗಳ ಉದ್ದಕ್ಕೆ. ಕಡುಗೆಂಪು ಹೂಗೊಂಚಲು ಉದುರುವಷ್ಟರಲ್ಲಿ ಅಲ್ಲೇ ಬೆರಳುದ್ದದ ಹಸಿರು ಕಾಯಿಗಳು ತೊಗಟೆ ಕಾಣದಷ್ಟು ಒತ್ತಾಗಿ ಜೋತುಬೀಳುತ್ತವೆ. ಸಿಪ್ಪೆ ತೀರ ತೆಳು, ಒಳಗೆಲ್ಲ ನೀರು. ಕೊಯ್ದ ನಾಲ್ಕಾರು ದಿನಗಳಲ್ಲಿ ಮೆತ್ತಗಾಗುತ್ತದೆ, ಬುಟ್ಟಿಯಲ್ಲಿ ಒಂದರ ಮೇಲೊಂದು ಒತ್ತಿದರೆ ಕಂದುತ್ತದೆ. ದೂರದ ಪೇಟೆಗೆ ಸಾಗಿಸಿ ಮಾರುವ ಮಾಲು ಅದಲ್ಲ. ಒಂದು ಸಂಸಾರಕ್ಕೆ ವಾರಕ್ಕೆ ಬೇಕಾಗುವುದು ಹತ್ತಿಪ್ಪತ್ತು ಕಾಯಿ, ಮರ ಕೊಡುವುದು ಬುಟ್ಟಿಗಟ್ಟಲೆ. ಹೀಗೆ ಮಿಕ್ಕ ಕಾಯಿಯೇ ಒಂದು ಆಸೆಯನ್ನು ಹುಟ್ಟಿಸುತ್ತದೆ. ಹಿಂಡಿ ರಸ ತೆಗೆದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದಂತೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದಂತೆ ಎಂಬ ಮಾತು ಬಾಯಿಂದ ಬಾಯಿಗೆ, ಫೋನಿಂದ ಫೋನಿಗೆ ಹರಿಯುತ್ತದೆ. ಈ ಮಾತನ್ನು ನಂಬಬಾರದು. ನಂಬಬಾರದೆಂಬ ಕಾರಣಕ್ಕೆ ಮರವನ್ನು ಕಡಿಯಲೂ ಬಾರದು. ಬಿಂಬುಳಿ ಒಳ್ಳೆಯ ಹುಳಿ, ಕೆಟ್ಟ ಪಾನೀಯ. ಒಂದೇ ಕಾಯಿ ಸಾರಿನಲ್ಲಿದ್ದಾಗ ನಿರಪಾಯ, ಲೋಟದಲ್ಲಿದ್ದಾಗ ಅಪಾಯ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು.

ಮರ ನಮ್ಮದೆನಿಸಿದರೂ ಅದರ ತವರು ಇಂಡೊನೇಷ್ಯಾದ ಮಲುಕು ದ್ವೀಪಗಳ ಕಡೆ ಇದ್ದಿರಬೇಕೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಡಗುಗಳ ಜೊತೆ ಅದು ಬಹಳ ಹಿಂದೆಯೇ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಾಡಿಸಿದ ಹನ್ನೆರಡು ಸಂಪುಟಗಳ 'ಹೋರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ, 1682ರ ಮೂರನೆಯ ಸಂಪುಟದಲ್ಲೇ, 'ಬಿಲಿಂಬಿ' ಎಂಬ ಹೆಸರಿನಲ್ಲಿ ಅದರ ಚಿತ್ರವೂ ವಿವರಣೆಯೂ ಇವೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಅವರ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಮರವನ್ನು ಅವೆರೋವ ಬಿಲಿಂಬಿ ಎಂದು ಕರೆದ. ನಾವು ಧಾರೆಹುಳಿ, ಕಮರಾಕ್ಷಿ ಎನ್ನುವ ಐದು ಏಣಿನ ಹಣ್ಣಿನ ಮರವೂ ಇದೇ ಕುಲದ್ದು. ಈ ನೆಂಟಸ್ತಿಕೆ ಮುಂದೆ ನಮಗೆ ಬೇಕಾಗುತ್ತದೆ. 1793ರಲ್ಲಿ ತಿಮೋರ್ ದ್ವೀಪದಿಂದ ಜಮೈಕಾಕ್ಕೂ ಹೋದ ಬಿಂಬುಳಿ ಇವತ್ತು ಉಷ್ಣವಲಯದ ಮಳೆನಾಡುಗಳಲ್ಲೆಲ್ಲ ಇದೆ. ಗೋವಾದಲ್ಲಿ ಸಿಗಡಿಯ ಜೊತೆ, ಕೇರಳದಲ್ಲಿ ಇರುಂಬನ್ ಪುಳಿ ಎಂಬ ಹೆಸರಿನಲ್ಲಿ ಮೀನಿನ ಜೊತೆ, ಫಿಲಿಪ್ಪೀನ್ಸಿನಲ್ಲಿ ಕಾಮಿಯಾಸ್ ಎಂಬ ಹೆಸರಿನಲ್ಲಿ ಹುಳಿಸಾರಿನ ಜೊತೆ, ಸುಮಾತ್ರದ ಆಚೆ ಎಂಬ ಪ್ರಾಂತದಲ್ಲಿ ಉಪ್ಪು ಹಾಕಿ ಒಣಗಿಸಿದ ಅಸಮ್ ಸುಂತಿಯಾಗಿ. ಸಾವಿರಾರು ಮೈಲಿ ದೂರದ, ಪರಸ್ಪರ ಪರಿಚಯವಿಲ್ಲದ ಇಷ್ಟು ಅಡುಗೆಮನೆಗಳು ಇದನ್ನು ಬಳಸುವ ರೀತಿಯಲ್ಲಿ ಒಂದು ಹೋಲಿಕೆ ಎದ್ದು ಕಾಣುತ್ತದೆ: ಎಲ್ಲೆಡೆಯೂ ಅದು ಇನ್ನೊಂದು ಪದಾರ್ಥಕ್ಕೆ ಹುಳಿ ಕೊಡಲು ಬಂದದ್ದು, ತಾನೇ ಊಟವಾಗಲು ಬಂದದ್ದಲ್ಲ.

ಹುಳಿ ಎಂದಮೇಲೆ ಎಲ್ಲವೂ ಒಂದೇ ಎಂದುಕೊಳ್ಳುವುದು ನಾಲಿಗೆ ಮಾಡುವ ತಪ್ಪು. ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ನಿಂಬೆಯದು ಸಿಟ್ರಿಕ್ ಆಮ್ಲ. ಮಾವಿನಕಾಯಿಯಲ್ಲಿ ಸಿಟ್ರಿಕ್ ಜೊತೆ ಮ್ಯಾಲಿಕ್ ಆಮ್ಲವೂ ಇದೆ. ಪುನರ್ಪುಳಿ ಮತ್ತು ಉಪ್ಪಾಗೆಯ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬ ಇನ್ನೊಂದು ಬಗೆ. ಬಿಂಬುಳಿಯಲ್ಲಿ ಹೆಚ್ಚಾಗಿ ಇರುವುದು ಆಕ್ಸಾಲಿಕ್ ಆಮ್ಲ. ನಾಲಿಗೆಗೆ ಇವೆಲ್ಲ ಹುಳಿಯೇ. ದೇಹದೊಳಗೆ ಹೋದಮೇಲೆ ಇವುಗಳ ದಾರಿ ಬೇರೆಬೇರೆ. ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರವೃತ್ತಿ ಇರುವವರಿಗೆ ವೈದ್ಯರು ನಿಂಬೆರಸ ಕುಡಿಯಿರಿ ಎನ್ನುವುದುಂಟು, ಏಕೆಂದರೆ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಅದೇ ಮನುಷ್ಯ ನಿಂಬೆಯ ಬದಲು ಬಿಂಬುಳಿ ರಸ ಕುಡಿದರೆ ಕಲ್ಲಿಗೆ ಬೇಕಾದ ಸರಕನ್ನು ತಾನೇ ಒದಗಿಸಿದ ಹಾಗಾಗುತ್ತದೆ. ಮೂತ್ರದ ಕಲ್ಲುಗಳಲ್ಲಿ ಅತಿ ಸಾಮಾನ್ಯವಾದ ಬಗೆ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಕೂಡಿ ಆಗುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಅಂಗಡಿಯಲ್ಲಿ ತುಕ್ಕು ತೆಗೆಯಲು, ಮರದ ಕಲೆ ತಿಳಿಯಾಗಿಸಲು ಸಿಗುವ ಬಿಳಿ ಪುಡಿಗಳಲ್ಲೂ ಇದೇ ಆಮ್ಲವಿರುತ್ತದೆ. ಬಿಂಬುಳಿಯಿಂದ ಹಿತ್ತಾಳೆ ಪಾತ್ರೆ ಉಜ್ಜಿದರೆ ಫಳಫಳ ಹೊಳೆಯುವುದು, ಬಿಳಿಬಟ್ಟೆಯ ಮೇಲಿನ ತುಕ್ಕಿನ ಕಲೆ ಹೋಗುವುದು, ಜಾವಾದಲ್ಲಿ ಕ್ರಿಸ್ ಎಂಬ ಕಠಾರಿಯ ಅಲಗನ್ನು ಇದರಿಂದ ಶುಚಿ ಮಾಡುತ್ತಿದ್ದದ್ದು, ಎಲ್ಲದರ ಹಿಂದೆಯೂ ಈ ಆಮ್ಲಕ್ಕೆ ಲೋಹಗಳ ಮೇಲಿರುವ ಹಿಡಿತವೇ ಕಾರಣ. ಕ್ಯಾಲ್ಸಿಯಂ ಕೂಡ ಒಂದು ಲೋಹ. ಕಥೆ ತಿರುಗುವುದು ಅಲ್ಲಿ.

2013ರಲ್ಲಿ ಕೇರಳದ ವೈದ್ಯರು ಭಾರತೀಯ ಮೂತ್ರಪಿಂಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹತ್ತು ರೋಗಿಗಳ ವಿವರ ಪ್ರಕಟಿಸಿದರು. ಐದು ಆಸ್ಪತ್ರೆಗಳಿಗೆ ಬಂದ ಈ ಹತ್ತೂ ಮಂದಿ ಬಿಂಬುಳಿ ಕಾಯಿಯ ರಸ ಕುಡಿದಿದ್ದರು. ಹತ್ತೂ ಮಂದಿಗೆ ಮೂತ್ರಪಿಂಡ ಹಠಾತ್ತನೆ ಕೈಕೊಟ್ಟಿತ್ತು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು, ಮೂವರು ಅದಿಲ್ಲದೆ ಚೇತರಿಸಿಕೊಂಡರು. ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕೂತು ಆಗುವ ಹಾನಿ ಇದು. ಬಿಂಬುಳಿಯಿಂದ ಹೀಗಾದದ್ದು ಅದಕ್ಕೆ ಮೊದಲು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿರಲಿಲ್ಲವೆಂದು ಆ ವೈದ್ಯರೇ ಬರೆದಿದ್ದಾರೆ. ಹತ್ತು ಎಂಬುದು ಸಣ್ಣ ಸಂಖ್ಯೆ, ಇದರಿಂದ ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಅಪಾಯ ಎಂದು ಲೆಕ್ಕ ಹಾಕಲಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತು ಸರಿ. ಆದರೆ ಇಲ್ಲಿ ಸಂಖ್ಯೆಗಿಂತ ಹೆಚ್ಚು ತೂಕವಿರುವುದು ಕಾರ್ಯಕಾರಣದ ಸರಪಳಿಗೆ. ಕುಡಿದದ್ದೇನು ಗೊತ್ತು, ಅದರಲ್ಲಿರುವ ಆಮ್ಲ ಯಾವುದು ಗೊತ್ತು, ಆ ಆಮ್ಲ ಮೂತ್ರಪಿಂಡದಲ್ಲಿ ಏನು ಮಾಡುತ್ತದೆ ಎಂಬುದೂ ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ಗೊತ್ತು. ಸರಪಳಿಯಲ್ಲಿ ಕೊಂಡಿ ತಪ್ಪಿದ ಜಾಗ ಕಾಣುವುದಿಲ್ಲ.

ಇನ್ನು ಪ್ರಮಾಣದ ಲೆಕ್ಕ. ರಾಸಾಯನಿಕ ವಿಶ್ಲೇಷಣೆಗಳಲ್ಲಿ 100 ಗ್ರಾಂ ಹಸಿ ಬಿಂಬುಳಿಯಲ್ಲಿ ಹೆಚ್ಚುಕಡಿಮೆ 1 ಗ್ರಾಂ ಆಕ್ಸಾಲಿಕ್ ಆಮ್ಲ ಕಂಡುಬಂದಿದೆ. ಕಾಯಿ ಬಲಿತು ಹಳದಿಗೆ ತಿರುಗಿದಂತೆ ಕೊಂಚ ಇಳಿಯುತ್ತದೆ. ಐದು ಜನರ ಮನೆಯಲ್ಲಿ ಬಂಗುಡೆ ಗಸಿಗೆ ಆರು ಕಾಯಿ ಹಾಕಿದರು ಎನ್ನಿ. ಕಾಯಿಗೆ 15 ಗ್ರಾಂ ಹಿಡಿದರೆ ಒಟ್ಟು 90 ಗ್ರಾಂ, ತಲೆಗೆ 200 ಮಿಲಿಗ್ರಾಮಿಗೂ ಕಡಿಮೆ ಆಮ್ಲ. ನಮ್ಮ ನಿತ್ಯದ ಊಟದಲ್ಲಿ ಸೊಪ್ಪು, ಕಾಳು, ಚಹಾದಿಂದ ಬರುವ ಆಕ್ಸಲೇಟಿನ ಮಟ್ಟಕ್ಕೆ ಇದು ಹೊಂದುತ್ತದೆ. ಈಗ ಅದೇ ಮನೆಯ ಒಬ್ಬರು 300 ಗ್ರಾಂ ಕಾಯಿ ಅರೆದು ಸೋಸಿ ಒಂದು ಲೋಟ ರಸ ತೆಗೆದರೆ ಅದರಲ್ಲಿ 3 ಗ್ರಾಂವರೆಗೆ ಬರಬಹುದು. ಎಂದರೆ ಗಸಿಯಲ್ಲಿ ಅವರ ಪಾಲಿಗೆ ಬರುತ್ತಿದ್ದದ್ದಕ್ಕಿಂತ ಹದಿನೈದು ಪಟ್ಟು, ಅದೂ ಒಂದೇ ಗುಟುಕಿನಲ್ಲಿ. ಆದರೆ ಪಟ್ಟಿನ ಲೆಕ್ಕಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಆಕ್ಸಾಲಿಕ್ ಆಮ್ಲಕ್ಕೆ ಕ್ಯಾಲ್ಸಿಯಂ ಸಿಕ್ಕಿದ ಕಡೆ ಎರಡೂ ಕೂಡಿ ಕರಗದ ಲವಣವಾಗುತ್ತವೆ. ಊಟದಲ್ಲಿ ಮೊಸರು, ಮಜ್ಜಿಗೆ, ಮುಳ್ಳು ಸಮೇತ ಬೆಂದ ಭೂತಾಯಿ, ರಾಗಿ ಇದ್ದರೆ ಈ ಕೂಡಿಕೆ ಕರುಳಿನಲ್ಲೇ ನಡೆದು, ಹರಳು ಮಲದ ಜೊತೆ ಹೊರಬೀಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬರಿಹೊಟ್ಟೆಯಲ್ಲಿ ರಸ ಕುಡಿದಾಗ ಕರುಳಿನಲ್ಲಿ ಹೆಚ್ಚು ಕ್ಯಾಲ್ಸಿಯಂ ಇರುವುದಿಲ್ಲ. ಆಮ್ಲ ಕರಗಿದ ಸ್ಥಿತಿಯಲ್ಲೇ ರಕ್ತಕ್ಕೆ ಸೇರುತ್ತದೆ. ದೇಹಕ್ಕೆ ಅದನ್ನು ಸುಟ್ಟು ಬಳಸುವ ಉಪಾಯ ತಿಳಿದಿಲ್ಲ, ಮೂತ್ರದಲ್ಲಿ ಹೊರಹಾಕಲೇಬೇಕು. ಮೂತ್ರಪಿಂಡ ನೀರನ್ನು ಹೀರಿ ಮೂತ್ರವನ್ನು ಗಟ್ಟಿ ಮಾಡುವ ಹೊತ್ತಿಗೆ ಅಲ್ಲಿ ಕ್ಯಾಲ್ಸಿಯಂ ಸಿಗುತ್ತದೆ, ಹರಳು ಅಲ್ಲಿ ಕಟ್ಟುತ್ತದೆ. ರಾಸಾಯನಿಕ ಕ್ರಿಯೆ ಎರಡೂ ಕಡೆ ಒಂದೇ. ಅದು ಕರುಳಿನಲ್ಲಿ ನಡೆಯಿತೋ ಮೂತ್ರಪಿಂಡದಲ್ಲಿ ನಡೆಯಿತೋ ಎಂಬುದರ ಮೇಲೆ ಊಟವೋ ಆಸ್ಪತ್ರೆಯೋ ಎಂಬುದು ನಿಂತಿದೆ.

ಇದಕ್ಕೆ ಮೊದಲ ಆಕ್ಷೇಪ ತರಕಾರಿ ಅಂಗಡಿಯಿಂದ ಬರುತ್ತದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಬಿಂಬುಳಿಗೆ ಸರಿಸಮನಾಗಿಯೇ ಇದೆಯಲ್ಲ, ಪತ್ರೊಡೆಗೆ ಬಳಸುವ ಕೆಸುವಿನೆಲೆಯಲ್ಲೂ ಇದೆಯಲ್ಲ, ಅವನ್ನು ತಿಂದು ಯಾರ ಕಿಡ್ನಿ ಹೋಗಿದೆ? ಪ್ರಶ್ನೆ ನ್ಯಾಯವಾದದ್ದೇ. ಕೆಸುವಿನ ತುರಿಕೆಗೆ ಕಾರಣ ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅಂದರೆ ಆ ಎಲೆಯಲ್ಲಿ ಆಕ್ಸಲೇಟಿನ ಒಂದು ಭಾಗ ಆಗಲೇ ಕ್ಯಾಲ್ಸಿಯಮ್ಮಿಗೆ ಅಂಟಿ ಕರಗದಂತಾಗಿದೆ. ಗಂಟಲು ಕೆರೆದೀತು, ಆದರೆ ರಕ್ತಕ್ಕೆ ಸೇರುವುದು ಕಡಿಮೆ. ಪಾಲಕ್ಕಿನಲ್ಲೂ ಒಂದಂಶ ಹೀಗೆಯೇ ಬಂಧಿತವಾಗಿರುತ್ತದೆ. ಬೇಯಿಸಿ ನೀರು ಚೆಲ್ಲಿದರೆ ಕರಗಿದ ಅಂಶದಲ್ಲೂ ಒಂದಷ್ಟು ಹೋಗುತ್ತದೆ. ಹೀಗಿದ್ದೂ ಪಾಲಕ್ಕನ್ನು ಹಸಿಯಾಗಿ ಅರೆದು ದಿನವೂ ಲೋಟಗಟ್ಟಲೆ 'ಹಸಿರು ರಸ' ಕುಡಿದವರಲ್ಲಿ ಇದೇ ಬಗೆಯ ಮೂತ್ರಪಿಂಡದ ಹಾನಿ ವರದಿಯಾಗಿದೆ. ಹಾಗಾಗಿ ಪಾಲಕ್ಕಿನ ಉದಾಹರಣೆ ಬಿಂಬುಳಿ ರಸದ ಪರ ನಿಲ್ಲುವುದಿಲ್ಲ, ವಿರುದ್ಧವೇ ಸಾಕ್ಷಿ ಹೇಳುತ್ತದೆ. ಪಲ್ಯವಾಗಿ ತಿಂದದ್ದಕ್ಕೂ ರಸವಾಗಿ ಕುಡಿದದ್ದಕ್ಕೂ ಇರುವ ಅಂತರ ಅಲ್ಲೂ ಹಾಗೆಯೇ ಇದೆ. ಬಿಂಬುಳಿಯಲ್ಲಿ ಆಮ್ಲದ ಹೆಚ್ಚಿನ ಅಂಶ ರಸದಲ್ಲೇ ಕರಗಿ ನಿಂತಿರುವುದರಿಂದ ಅಂತರ ಇನ್ನೂ ದೊಡ್ಡದು.

ಎರಡನೆಯ ಆಕ್ಷೇಪ ಪರಂಪರೆಯದ್ದು: ಹಿರಿಯರು ಇದನ್ನು ಮದ್ದಾಗಿ ಬಳಸುತ್ತಿದ್ದರು. ಬಳಸುತ್ತಿದ್ದದ್ದು ನಿಜ. ಆದರೆ ಏಷ್ಯಾದ ಬೇರೆಬೇರೆ ಕಡೆಯ ಮನೆಮದ್ದುಗಳನ್ನು ನೋಡಿದರೆ ಹೆಚ್ಚಿನವು ಎಲೆಗೆ ಸಂಬಂಧಿಸಿದವು. ತುರಿಕೆಗೆ, ಬಾವಿಗೆ, ಕೆಪ್ಪಟೆರಾಯನಿಗೆ, ಕೀಲುನೋವಿಗೆ ಎಲೆ ಅರೆದು ಹೊರಗೆ ಹಚ್ಚುವುದು. ಕಾಯಿಯ ಗಟ್ಟಿ ರಸವನ್ನು ಕೊಲೆಸ್ಟ್ರಾಲಿಗೆ ಕುಡಿಯುವುದು ಪರಂಪರೆ ಹೇಗಾದೀತು? ಕೊಲೆಸ್ಟ್ರಾಲನ್ನು ಅಳೆಯುವ ಪರೀಕ್ಷೆಯೇ ಮೊನ್ನೆ ಮೊನ್ನೆಯದು. ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಮೇಲೆ ಹುಟ್ಟಿದ ಆಸೆಗೆ ಅಜ್ಜಿಯ ಹೆಸರು ಅಂಟಿಸುವುದು ಅಜ್ಜಿಗೆ ಮಾಡುವ ಮೋಸ. ವಿಜ್ಞಾನದ ಹೆಸರಿನಲ್ಲೂ ಇದೇ ಬಗೆಯ ಜಾರಾಟ ನಡೆಯುತ್ತದೆ. ಬಿಂಬುಳಿ ಎಲೆಯ ಸಾರ ಕೊಟ್ಟಾಗ ಮಧುಮೇಹವಿದ್ದ ಇಲಿಗಳಲ್ಲಿ ಸಕ್ಕರೆ ಇಳಿದದ್ದು ಪ್ರಯೋಗಾಲಯಗಳಿಂದ ವರದಿಯಾಗಿದೆ. ಅದನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾದದ್ದು ಎಲೆ, ಇಲ್ಲಿ ಕುಡಿಯುತ್ತಿರುವುದು ಕಾಯಿ. ಅಲ್ಲಿ ತೂಗಿ ಕೊಟ್ಟ ಸಾರ, ಇಲ್ಲಿ ಕಣ್ಣಂದಾಜಿನ ಲೋಟ. ಅಲ್ಲಿ ಇಲಿ, ಇಲ್ಲಿ ಅರವತ್ತು ದಾಟಿದ ಮನುಷ್ಯ. ಇಷ್ಟನ್ನು ಹಾರಿ ದಾಟಲು ಹೊರಟವರಿಗೆ ಆಧಾರವಾಗಿ ಆ ಪ್ರಯೋಗಗಳು ಒದಗುವುದಿಲ್ಲ.

ನಾವು ಕುಡಿದಿದ್ದೇವೆ, ಏನೂ ಆಗಿಲ್ಲ ಎನ್ನುವವರೂ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟು ಗಟ್ಟಿ ರಸ, ಎಷ್ಟು ದಿನ, ಹೊಟ್ಟೆ ಖಾಲಿಯಿತ್ತೇ, ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ, ಮೂತ್ರಪಿಂಡ ಮೊದಲಿನಿಂದ ಗಟ್ಟಿಮುಟ್ಟಾಗಿದೆಯೇ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನನಗೆ ಕಳವಳ ಹುಟ್ಟಿಸುವ ಸಂಗತಿ ಬೇರೆ. ಕೊಲೆಸ್ಟ್ರಾಲಿಗೆ, ಸಕ್ಕರೆಗೆ, ಬಿಪಿಗೆ ಮನೆಮದ್ದು ಹುಡುಕುವವರು ಯಾರು? ಆ ಕಾಯಿಲೆಗಳಿರುವವರು. ಮಧುಮೇಹ ಮತ್ತು ರಕ್ತದೊತ್ತಡ ಎರಡೂ ವರ್ಷಗಳು ಉರುಳಿದಂತೆ ಮೂತ್ರಪಿಂಡವನ್ನು ಸದ್ದಿಲ್ಲದೆ ಸವೆಸುತ್ತವೆ. ಅರ್ಧದಷ್ಟು ಸವೆದರೂ ಹೊರಗೆ ಲಕ್ಷಣ ಕಾಣದಿರಬಹುದು. ಅಂದರೆ ಈ ರಸದಿಂದ ಅತಿ ಹೆಚ್ಚು ಅಪಾಯ ಯಾರಿಗೋ ಅವರೇ ಇದನ್ನು ಹುಡುಕಿಕೊಂಡು ಬರುವವರು. ನೆಂಟನಾದ ಧಾರೆಹುಳಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಅದರಲ್ಲಿ ಆಕ್ಸಲೇಟಿನ ಜೊತೆ ಕ್ಯಾರಂಬಾಕ್ಸಿನ್ ಎಂಬ, ನರಗಳಿಗೆ ವಿಷವಾದ ವಸ್ತುವಿರುವುದನ್ನು ಬ್ರೆಜಿಲಿನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ಉಳಿದು ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರದವರೆಗೂ ಒಯ್ಯಬಲ್ಲದು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ಧಾರೆಹುಳಿಯನ್ನು ಒಂದು ಹೋಳೂ ತಿನ್ನಬಾರದು ಎನ್ನುವುದು ಇದೇ ಕಾರಣಕ್ಕೆ. ಬಿಂಬುಳಿ ರಸ ಕುಡಿದವರಿಗೆ ಮೂತ್ರ ಕಡಿಮೆಯಾದರೆ, ವಾಂತಿ, ಸುಸ್ತು ಕಾಣಿಸಿದರೆ ವೈದ್ಯರ ಬಳಿ ಹೋಗಿ ಕುಡಿದದ್ದನ್ನು ಮೊದಲ ಮಾತಿನಲ್ಲೇ ಹೇಳಬೇಕು. ಮನೆಯ ಕಾಯಿಯಲ್ಲವೇ, ಅದನ್ನೇನು ಹೇಳುವುದು ಎಂದು ಮುಚ್ಚಿಟ್ಟರೆ ಕಾರಣ ಹುಡುಕುವುದರಲ್ಲೇ ದಿನಗಳು ಹೋಗುತ್ತವೆ.

ಹಾಗಾದರೆ ಅಡುಗೆಮನೆ ಮೊದಲಿನಿಂದಲೂ ಸರಿಯಾಗಿತ್ತು, ಅದರ ಜಾಣತನಕ್ಕೆ ತಲೆಬಾಗೋಣ ಎನ್ನಬಹುದೇ? ಅಷ್ಟು ಸಲೀಸಾಗಿ ಹೇಳಲಾರೆ. ಆಕ್ಸಲೇಟ್ ಯಾವ ಅಡುಗೆಮನೆಗೂ ಗೊತ್ತಿರಲಿಲ್ಲ. ಕಾಯಿ ಬಾಯಿಗಿಡಲಾಗದಷ್ಟು ಹುಳಿಯಾದ್ದರಿಂದ ಸ್ವಲ್ಪವೇ ಹಾಕಿದರು, ಮಳೆಗಾಲಕ್ಕೆ ಉಳಿಯಲೆಂದು ಉಪ್ಪು ಹಾಕಿದರು. ಕಾರಣ ಏನೇ ಇದ್ದರೂ ಪರಿಣಾಮ ಒಳ್ಳೆಯದಾಯಿತು, ಅಷ್ಟೇ. ಆ ವಿಧಾನಗಳನ್ನು ಇವತ್ತು ಒಂದೊಂದಾಗಿ ನೋಡಿದರೆ ಯಾವುದು ಏನು ಮಾಡುತ್ತದೆಂದು ತಿಳಿಯುತ್ತದೆ. ಕಾಯಿಗೆ ಚುಚ್ಚಿ ರಾತ್ರಿಯಿಡೀ ನೀರಿನಲ್ಲಿ, ಇಲ್ಲವೇ ಸ್ವಲ್ಪ ಹೊತ್ತು ಉಪ್ಪುನೀರಿನಲ್ಲಿ ನೆನೆಸಿ ಆ ನೀರು ಚೆಲ್ಲುವ ರೂಢಿ ಹಲವು ದೇಶಗಳಲ್ಲಿದೆ. ಕರಗಿದ ಆಮ್ಲದ ಒಂದು ಪಾಲು ನೀರಿನೊಡನೆ ಹೋಗುತ್ತದೆ. ಹೋಳಿಗೆ ಉಪ್ಪು ಬೆರೆಸಿಟ್ಟಾಗ ಬಿಟ್ಟುಕೊಳ್ಳುವ ರಸವನ್ನು ಹಿಂಡಿ ತೆಗೆದು ಬಿಸಿಲಿಗೆ ಹರವಿದರೂ ಹಾಗೆಯೇ. ಸುಣ್ಣದ ತಿಳಿನೀರಿನಲ್ಲಿ ನೆನೆಸಿದರೆ ಕ್ಯಾಲ್ಸಿಯಂ ಅಲ್ಲೇ ಸಿಕ್ಕು ಆಮ್ಲ ಹರಳಾಗಿ ಕೂರುತ್ತದೆ, ಹೋಳು ಗರಿಗರಿಯಾಗಿಯೂ ಉಳಿಯುತ್ತದೆ; ಸಕ್ಕರೆ ಪಾಕಕ್ಕೆ ಹಾಕುವವರಿಗೆ ಇದು ಅನುಕೂಲ. ಇವುಗಳಲ್ಲಿ ಯಾವುದೂ ಕಾಯಿಯನ್ನು ಪೂರ್ತಿ ನಿರಪಾಯ ಮಾಡುವುದಿಲ್ಲ. ಮೂತ್ರಪಿಂಡದ ಕಾಯಿಲೆಯಿರುವವರು, ಆಕ್ಸಲೇಟ್ ಕಲ್ಲು ಪದೇ ಪದೇ ಕಟ್ಟುವವರು ಬಿಂಬುಳಿಯ ಬದಲು ಹುಣಸೆಯನ್ನೋ ನಿಂಬೆಯನ್ನೋ ನೆಚ್ಚಿಕೊಳ್ಳುವುದು ಲೇಸು. ಉಳಿದವರಿಗೆ ಗಸಿಯಲ್ಲಿ, ಪುಳಿಮುಂಚಿಯಲ್ಲಿ, ತೊಗರಿಬೇಳೆಯ ಸಾರಿನಲ್ಲಿ, ಬೆಲ್ಲ ಎಳ್ಳು ಹಾಕಿದ ಗೊಜ್ಜಿನಲ್ಲಿ, ಒಣಸಿಗಡಿ ಚಟ್ನಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಹುಣಸೆಯಂತೆ ಬಣ್ಣ ಕಪ್ಪಾಗಿಸುವುದಿಲ್ಲ, ಮೀನಿನ ವಾಸನೆಯನ್ನು ಚೊಕ್ಕವಾಗಿ ತಗ್ಗಿಸುತ್ತದೆ, ಹೋಳು ಬೆಂದು ಕರಗಿ ರಸಕ್ಕೆ ಮೈಕಟ್ಟು ಕೊಡುತ್ತದೆ. ಪಾತ್ರೆಯೆಂದರೆ ಮಣ್ಣಿನ ಅಳಗೆ, ಕಲ್ಲಿನ ಮರಿಗೆ, ಸ್ಟೀಲು ಸರಿ. ಅಲ್ಯೂಮಿನಿಯಂ ಅಥವಾ ಕಲಾಯಿ ಹೋದ ಹಿತ್ತಾಳೆಯಲ್ಲಿ ಬೇಯಿಸಬಾರದು, ಲೋಹ ಕರಗಿ ಅಡುಗೆಗೆ ಇಳಿಯುತ್ತದೆ. ಉಪ್ಪಿನಕಾಯಿಯ ವಿಷಯದಲ್ಲಿ ಆಕ್ಸಲೇಟಿಗಿಂತ ಉಪ್ಪೇ ಹೆಚ್ಚು ತೊಂದರೆ ಕೊಟ್ಟೀತು, ಅದು ಬೇರೆ ಮಾತು.

ಇಷ್ಟೆಲ್ಲ ಎಚ್ಚರಿಕೆ ಬೇಕಾದ ಮರವನ್ನು ನೆಡುವುದಾದರೂ ಏಕೆ, ಹುಣಸೆ ಅಂಗಡಿಯಲ್ಲಿ ಸಿಗುತ್ತದಲ್ಲ ಎಂಬ ಪ್ರಶ್ನೆ ಉಳಿದಿದೆ. ಇದಕ್ಕೆ ಉತ್ತರ ಜಾಗದ ಲೆಕ್ಕದಲ್ಲಿದೆ. ಹುಣಸೆ ಬೃಹತ್ ಮರ, ಹತ್ತು ಸೆಂಟ್ಸ್ ಮನೆ ಜಾಗಕ್ಕೆ ಹೊಂದದು. ಕರಾವಳಿಯ ಸುರಿಮಳೆ ಅದಕ್ಕೆ ಹಿತವೂ ಅಲ್ಲ. ಪುನರ್ಪುಳಿಯಲ್ಲಿ ಗಂಡು ಮರ ಹೆಣ್ಣು ಮರ ಬೇರೆಬೇರೆ, ಬೀಜದಿಂದ ಬೆಳೆಸಿದರೆ ಕಾಯಿ ಬಿಡುವ ಮರವೋ ಅಲ್ಲವೋ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಅಮಟೆಯೂ ಎತ್ತರಕ್ಕೆ ಹೋಗುತ್ತದೆ. ಬಿಂಬುಳಿ ಮಾತ್ರ ಬಾವಿಕಟ್ಟೆಯ ಪಕ್ಕದ ನಾಲ್ಕು ಮೀಟರ್ ಜಾಗದಲ್ಲಿ ನಿಂತು, ಏಣಿಯಿಲ್ಲದೆ ಕೈಗೆಟಕುವ ಎತ್ತರದಲ್ಲಿ ಕಾಯಿ ಕೊಡುತ್ತದೆ. ಒಂದೇ ಮರವಿದ್ದರೂ ಕಾಯಿ ಬಿಡುತ್ತದೆ. ಔಷಧಿ ಹೊಡೆಯಬೇಕಾದ ಕೀಟ ರೋಗ ಅಪರೂಪ. ಕಾಯಿಯನ್ನು ಪೇಟೆಯಲ್ಲಿ ಮಾರಲು ಕಷ್ಟ ಎಂಬುದು ತೋಟಗಾರನಿಗೆ ಕೊರತೆಯಾದರೂ ಮನೆಯವರಿಗೆ ಲಾಭವೇ. ಅಂಗಡಿಗೆ ಬಾರದ ಕಾಯಿ ಬೇಕೆಂದರೆ ಬೆಳೆದುಕೊಳ್ಳದೆ ಬೇರೆ ದಾರಿಯಿಲ್ಲ.

ಬೆಳೆಸುವುದು ಕಷ್ಟವಲ್ಲ. ಕಾಯಿಯಲ್ಲಿ ಬೀಜ ಕಡಿಮೆ. ಚೆನ್ನಾಗಿ ಹಣ್ಣಾಗಿ ಉದುರಿದ್ದರಿಂದ ತೆಗೆದ ಚಪ್ಪಟೆ ಬೀಜವನ್ನು ಒಣಗಲು ಬಿಡದೆ ಬಿತ್ತಬೇಕು. ಗೂಟಿ ಕಟ್ಟಿದ ಅಥವಾ ಕಸಿ ಮಾಡಿದ ಗಿಡ ಸಿಕ್ಕರೆ ಬೇಗ ಫಲಕ್ಕೆ ಬರುತ್ತದೆ, ತಾಯಿಮರದ ಗುಣವೂ ತಪ್ಪುವುದಿಲ್ಲ. ಮುಂಗಾರು ಹಿಡಿದು ಮಣ್ಣು ತೊಯ್ದಮೇಲೆ, ಎರಡಡಿ ಉದ್ದಗಲ ಆಳದ ಗುಂಡಿಗೆ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ನೆಡಬೇಕು. ನೀರು ನಿಲ್ಲುವ ತಗ್ಗು ಬೇಡ. ಜಂಬಿಟ್ಟಿಗೆ ಮಣ್ಣಾದರೂ ಮರಳಾದರೂ ಬಸಿಯುವಂತಿದ್ದರೆ ಸಾಕು. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಮುಚ್ಚಿ, ಬಚ್ಚಲ ನೀರಾದರೂ ಸರಿ, ಹಾಯಿಸಬೇಕು. ಒಂದು ಮಾತ್ರ ನೆನಪಿಡಬೇಕು: ಕಾಯಿ ಬರುವುದು ಹಳೆಯ ಮರದ ಮೈಮೇಲೆ. ಅಂದಕ್ಕೆಂದು ಬಲಿತ ರೆಂಬೆಗಳನ್ನು ಸವರಿ ಎಳೆ ಚಿಗುರು ಉಳಿಸಿದರೆ ಫಸಲನ್ನೇ ಸವರಿದಂತೆ. ಎಳೆಯದರಲ್ಲೇ ಮೂರ್ನಾಲ್ಕು ಗಟ್ಟಿ ಕವಲುಗಳನ್ನು ಆರಿಸಿ ಉಳಿಸಿಕೊಂಡು, ಆಮೇಲೆ ಒಣಗಿದ್ದು, ಒಳಗೆ ಹೆಣೆದುಕೊಂಡದ್ದು ಇಷ್ಟನ್ನು ತೆಗೆದರೆ ಗಾಳಿ ಬೆಳಕು ಕಾಂಡಕ್ಕೆ ತಾಗುತ್ತದೆ. ಬಯಲುಸೀಮೆಯ ಒಣಗಾಳಿ, ಚಳಿ ಇದಕ್ಕೆ ಹಿಡಿಸದು. ಅಲ್ಲಿನ ಹಿತ್ತಲಲ್ಲಿ ನೆಡುವವರು ಪಡುವಣ ಬಿಸಿಲಿಗೆ ಮರೆ ಒದಗಿಸಿ, ಕರಾವಳಿಯಷ್ಟು ಕಾಯಿಯನ್ನು ನಿರೀಕ್ಷಿಸದಿದ್ದರೆ ಒಳ್ಳೆಯದು.

ಕೊನೆಗೆ ಮಿಕ್ಕ ಕಾಯಿಯ ಪ್ರಶ್ನೆ, ರಸದ ಆಸೆ ಹುಟ್ಟಿದ್ದೇ ಅಲ್ಲಿಂದ. ಹಸಿರು ಮಾಸಿ ಹಳದಿಗೆ ತಿರುಗುವ ಮೊದಲು ಕೊಯ್ದು, ಉದ್ದಕ್ಕೆ ಸೀಳಿ, ಕಲ್ಲುಪ್ಪು ಬೆರೆಸಿ ಒಂದು ರಾತ್ರಿ ಭರಣಿಯಲ್ಲಿಟ್ಟು, ಬಿಟ್ಟ ನೀರನ್ನು ಹಿಂಡಿ ಚಾಪೆಯ ಮೇಲೆ ಒಣಹಾಕಬೇಕು. ಮಾರ್ಚ್, ಏಪ್ರಿಲಿನ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕಂದುಬಣ್ಣಕ್ಕೆ ಬಂದು ಬಾಗುವಷ್ಟು ಒಣಗುತ್ತವೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಳೆಗಾಲದುದ್ದಕ್ಕೂ ಬರುತ್ತದೆ. ಬಳಸುವ ಮುನ್ನ ಒಮ್ಮೆ ತೊಳೆದರೆ ಉಪ್ಪೂ ಹಿಡಿತಕ್ಕೆ ಬರುತ್ತದೆ. ಹಿಂಡಿ ತೆಗೆದ ಆ ಉಪ್ಪುರಸವನ್ನೂ ಚೆಲ್ಲಬೇಕಾಗಿಲ್ಲ. ದೀಪ, ತಂಬಿಗೆ, ಹರಿವಾಣ ಉಜ್ಜಲು ಬಾಟಲಿಯಲ್ಲಿ ತುಂಬಿಡಬಹುದು. ಬಾಟಲಿಯ ಮೇಲೆ ಏನೆಂದು ಬರೆದು, ಫ್ರಿಜ್ಜಿನಲ್ಲಿ ಶರಬತ್ತಿನ ಪಕ್ಕ ಇಡದೆ ಬಚ್ಚಲ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಟ್ಟರಾಯಿತು.